ಸಿಕ್ಕಿದ್ದೂ ದಕ್ಕಿದ್ದೂ

ಇಂದು ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವೆನಿಸಿರುವ ಸಂಸ್ಥೆಯು 1998ರಲ್ಲಿ ಗೋವೆಯ ವಾಸ್ಕೋದಲ್ಲಿ ಸ್ಥಾಪಿತವಾಯಿತು. ಹಿಮವನ್ನೇ ಕಾಣದ ಈ ನೆಲದಿಂದ ಹೊರಟ ವಿಜ್ಞಾನಿಗಳು 2008ರಲ್ಲಿ ಉತ್ತರಧ್ರುವ ವಲಯದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ‘ಹಿಮಾದ್ರಿ’ ಎಂಬ ನೆಲೆಯನ್ನು ತೆರೆದರು. ಆ ದ್ವೀಪಗಳ ಆಗ್ನೇಯಕ್ಕೆ ಹರಡಿರುವ ಬ್ಯಾರೆಂಟ್ಸ್ ಸಮುದ್ರದ ಗರ್ಭದಲ್ಲಿ ಅಪಾರವಾದ ಅನಿಲರಾಶಿಯುಂಟು. ಅದರ ಶೋಧದ ಚರಿತ್ರೆ ನಮಗೂ ಪಾಠಪ್ರದವಾಗಿದೆ.

1984ರಲ್ಲಿ ಆ ಸಮುದ್ರದ ನಾರ್ವೆಯ ಭಾಗದಲ್ಲಿ ಸ್ನೋವಿಟ್ ನಿಕ್ಷೇಪವೂ, 1988ರಲ್ಲಿ ಸೋವಿಯೆತ್ ಭಾಗದಲ್ಲಿ ಷ್ಟೋಕ್ಮನ್ ನಿಕ್ಷೇಪವೂ ಸಿಕ್ಕಿದವು. ಸ್ನೋವಿಟ್ ಅನಿಲವು ಕಡಲತಳದ ಕೊಳವೆಯಲ್ಲಿ 143 ಕಿಲೋಮೀಟರು ಹರಿದು ದಡ ಸೇರಿದ್ದು 23 ವರ್ಷಗಳ ತರುವಾಯ, 2007ರಲ್ಲಿ. ಷ್ಟೋಕ್ಮನ್ ಅದಕ್ಕಿಂತ ಎಷ್ಟೋ ಪಾಲು ಹಿರಿದು; ಅದರ ಅಂದಾಜು 3.9 ಲಕ್ಷ ಕೋಟಿ ಘನ ಮೀಟರು. ಆದರೇನು? ದಡ 500 ಕಿಲೋಮೀಟರಿಗೂ ದೂರ, ತೇಲಿಬರುವ ಹಿಮಬಂಡೆಗಳ ಭಯ, ಮಿತಿಮೀರಿದ ವೆಚ್ಚ. 2012ರಲ್ಲಿ ಆ ಯೋಜನೆಯನ್ನು ಬದಿಗಿಡಲಾಯಿತು.

ಸಿಕ್ಕಿದ್ದೆಲ್ಲ ದಕ್ಕುವುದಿಲ್ಲ. ಶಬ್ದದ ಅಲೆಗಳನ್ನು ಕಡಲತಳಕ್ಕೆ ಕಳುಹಿಸಿ, ಪ್ರತಿಧ್ವನಿಯಿಂದ ಶಿಲಾಸ್ತರಗಳನ್ನು ಊಹಿಸುವುದು ಮೊದಲನೆಯ ಹೆಜ್ಜೆ. ಬಾವಿ ಕೊರೆದು ಆ ಊಹೆಯನ್ನು ಪರೀಕ್ಷಿಸುವುದು ಎರಡನೆಯದು. ಮತ್ತೆ ಹಲವು ಬಾವಿಗಳಿಂದ ನಿಕ್ಷೇಪದ ವಿಸ್ತಾರ, ಒತ್ತಡ, ಹರಿವುಗಳನ್ನು ಅಳೆದು, ತೆಗೆಯುವ ವೆಚ್ಚದೊಡನೆ ತೂಗಿ ನೋಡುವುದು ಮೂರನೆಯದು. ಇದೇ ಮೌಲ್ಯಮಾಪನ.

ಈ ಪರೀಕ್ಷೆ ನಮ್ಮ ಕಡಲಿನಲ್ಲಿಯೂ ನಡೆದಿದೆ. ಅನಿಲವು ನೀರಿನ ಹರಳುಗಳಲ್ಲಿ ಸೆರೆಯಾಗಿ ಮಂಜುಗಡ್ಡೆಯಂತಾದ ವಸ್ತುವಿಗೆ ಅನಿಲ ಹೈಡ್ರೇಟ್ ಎಂದು ಹೆಸರು. 2002ರಲ್ಲಿ ಕೆನಡದ ಉತ್ತರ ತುದಿಯಲ್ಲಿ, ಬ್ಯೂಫೋರ್ಟ್ ಸಮುದ್ರದಂಚಿನ ಮ್ಯಾಲಿಕ್ ಎಂಬಲ್ಲಿ, ಅದರಿಂದ ಅನಿಲ ತೆಗೆಯುವ ಪ್ರಯೋಗ ನಡೆದಾಗ ಭಾರತವೂ ಪಾಲುಗೊಂಡಿತ್ತು. 2006ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಹಡಗು ಭಾರತದ ಆಳಸಮುದ್ರಗಳಲ್ಲಿ ಆ ಹೈಡ್ರೇಟನ್ನೇ ಅರಸಿತು. ಕೊಂಕಣ–ಕೇರಳ ತೀರದಾಚೆ ಕೊರೆದಲ್ಲಿ ಅದು ಕಾಣಲಿಲ್ಲ. ಪೂರ್ವತೀರದ ಕೃಷ್ಣಾ–ಗೋದಾವರಿ ಕಡಲಿನಲ್ಲಿ ಸುಮಾರು 130 ಮೀಟರು ದಪ್ಪದ ಸ್ತರವೇ ದೊರೆಯಿತು. ಆದರೆ ಅದೂ ಇನ್ನೂ ಬಳಕೆಗೆ ಬಂದಿಲ್ಲ.

ಕೊಂಕಣದ ಆ ಬಾವಿಯನ್ನು ವ್ಯರ್ಥವೆನ್ನಬಹುದೆ? ಎನ್ನಲಾಗದು. ಇಲ್ಲದ್ದನ್ನು ಇಲ್ಲವೆಂದು ತಿಳಿಯುವುದೂ ಜ್ಞಾನವೇ. ಅದು ದೇಶವನ್ನು ಹುಸಿ ಭರವಸೆಯಿಂದ ಉಳಿಸುತ್ತದೆ. ‘ಅಪಾರ ನಿಕ್ಷೇಪ ಪತ್ತೆ’ ಎಂಬ ವಾರ್ತೆಯನ್ನು ಓದಿದಾಗ ನಮ್ಮ ವಿದ್ಯಾರ್ಥಿಗಳು ಹಿಗ್ಗುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಕೇಳಲಿ: ಇದು ಎಷ್ಟನೆಯ ಹೆಜ್ಜೆ?