ಡಾಕ್ಟರ್ ಅಂತ ಯಾರು ಹೇಳಬೇಕು? ಬಾಗಲಕೋಟೆಯಿಂದ ಒಂದು ಲೈಸೆನ್ಸ್ ಪರೀಕ್ಷೆಯ ಕಥೆ

ಬಸ್ಸಿನಲ್ಲೋ, ಹಾಸ್ಟೆಲ್ ಟೆರೇಸ್ ಮೇಲೋ, ಎಲ್ಲಿದ್ದೀರೋ ಅಲ್ಲೇ ಆರಾಮಾಗಿ ಕೂತ್ಕೊಳ್ಳಿ. ಇವತ್ತು ಯುದ್ಧ ಇಲ್ಲ, ಚಾಲುಕ್ಯರೂ ಇಲ್ಲ. ಬಾದಾಮಿ ಬರುತ್ತೆ, ಆದರೆ ಗುಹೆ ನೋಡೋಕಲ್ಲ, ರೈಲು ಹತ್ತೋಕೆ. ಇವತ್ತಿನ ವಿಷಯ ಒಂದು ಪರೀಕ್ಷೆ.

ವಿದೇಶದಲ್ಲಿ ಡಾಕ್ಟರಿಕೆ ಓದಿ ಬಂದವರು ಇಲ್ಲಿ ಪ್ರಾಕ್ಟೀಸ್ ಮಾಡಬೇಕಂದ್ರೆ ಎಫ್‌ಎಂಜಿಇ ಪಾಸಾಗಬೇಕು. 300 ಪ್ರಶ್ನೆ, 150 ಸರಿ ಇದ್ದರೆ ಪಾಸ್, ನೆಗೆಟಿವ್ ಮಾರ್ಕಿಂಗ್ ಇಲ್ಲ. ಕೇಳೋಕೆ ಸಲೀಸು. ಈಗ ಲೆಕ್ಕ ನೋಡ್ರಿ: 2015ರಿಂದ 2018ರವರೆಗೆ ಬರೆದವರು 61,708, ಪಾಸಾದವರು 8,764. ನೂರಕ್ಕೆ 14 ಜನ. ನಾನು ಬಿಕಾಂ ಓದಿದವಳು, ಸಿಎ ರಿಸಲ್ಟ್ ದಿನ ಗೆಳತಿಯರ ಮುಖ ನೋಡಿದವಳು. ಆದರೂ ಈ ಅಂಕಿ ನೋಡಿ ಒಂದು ಕ್ಷಣ ಸುಮ್ಮನಾದೆ.

ಉಳಿದ 86 ಜನರನ್ನು ನಾವು ಏನಂತ ಕರೀತೀವಿ? ಡಾಕ್ಟರ್ ಅನ್ನೋಕಾಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ನಮ್ಮ ಜಿಲ್ಲೆ ಇಂಥ ಅರ್ಧ ಡಾಕ್ಟರುಗಳನ್ನು ನೂರು ವರ್ಷದ ಹಿಂದೆಯೇ ನೋಡಿದೆ. ಆ ಕಥೆ ಹೇಳೋಕೆ ಮುಂಬೈಗೆ ಹೋಗಬೇಕು. ಯಾಕಂದ್ರೆ ಆಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲಾ ಬಿಜಾಪುರ ಜಿಲ್ಲೆಯಲ್ಲಿದ್ದವು, ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿತ್ತು.

1912ರಲ್ಲಿ ಮುಂಬೈ ಸರ್ಕಾರ ಒಂದು ಕಾಯ್ದೆ ತಂತು, ಬಾಂಬೆ ಮೆಡಿಕಲ್ ಆಕ್ಟ್. ಇಂಗ್ಲಿಷ್ ಔಷಧ ಕೊಡೋ ಡಾಕ್ಟರುಗಳ ಹೆಸರು ಒಂದು ರಿಜಿಸ್ಟರಿನಲ್ಲಿ ಇರಬೇಕು, ಇಂಥ ಕಾನೂನು ಭಾರತದಲ್ಲಿ ಅದೇ ಮೊದಲು. ಅದೇ ವರ್ಷ ಮುಂಬೈಯಲ್ಲಿ ಕಾಲೇಜ್ ಆಫ್ ಫಿಸಿಷಿಯನ್ಸ್ ಅಂಡ್ ಸರ್ಜನ್ಸ್ ಹುಟ್ಟಿತು. ಹೆಸರು ಕಾಲೇಜು, ಮುಖ್ಯ ಕೆಲಸ ಪರೀಕ್ಷೆ ಮಾಡೋದು. ಕಾಮರ್ಸ್ ಮಂದಿಗೆ ಬೇಗ ತಿಳಿಯುತ್ತೆ, ನಮ್ಮ ಸಿಎ ಇನ್‌ಸ್ಟಿಟ್ಯೂಟ್ ಇದ್ದ ಹಾಗೆ. ಪಾಠ ಪುಣೆಯ ಬಿ.ಜೆ. ಮೆಡಿಕಲ್ ಸ್ಕೂಲಿನಂಥ ಕಡೆ, ಲೈಸೆನ್ಸ್ ಇವರದ್ದು. ಪಾಸಾದರೆ ಹೆಸರಿನ ಮುಂದೆ ಎಲ್‌ಸಿಪಿಎಸ್. ಇಂಥವರನ್ನು ಲೈಸೆನ್ಶಿಯೇಟ್ ಅಂತಿದ್ದರು. ಎಂಬಿಬಿಎಸ್ ಡಿಗ್ರಿ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಮೊದಮೊದಲು ಮ್ಯಾಟ್ರಿಕ್ ಆಗಿದ್ದರೆ ಸೇರಬಹುದಿತ್ತು, ನಾಲ್ಕು ವರ್ಷದ ಓದು. ಹೊಲ ಮನೆ ಇಷ್ಟೇ ಇರೋ ಕುಟುಂಬದ ಹುಡುಗನ ಕೈಗೆ ಎಟುಕೋದು ಇದೊಂದೇ.

ಎಟುಕೋದು ಅಂದರೂ ದೂರ ಎಷ್ಟು! 1957ರಲ್ಲಿ ಹುಬ್ಬಳ್ಳಿಗೆ ಬರೋವರೆಗೆ ಉತ್ತರ ಕರ್ನಾಟಕದಲ್ಲಿ ಎಂಬಿಬಿಎಸ್ ಕಾಲೇಜು ಇರಲಿಲ್ಲ. ಗದಗ–ಹೊಟಗಿ ಮೀಟರ್ ಗೇಜ್ ಲೈನು 1884ರಲ್ಲೇ ಬಂದಿತ್ತು. ಬಾದಾಮಿಯಲ್ಲೋ ಬಾಗಲಕೋಟೆಯಲ್ಲೋ ಹತ್ತಿ, ಕೃಷ್ಣೆ ದಾಟಿ, ಬಿಜಾಪುರ ಹಾದು ಹೊಟಗಿಯಲ್ಲಿ ಇಳಿಯಬೇಕು. ಅಲ್ಲಿ ಹಳಿಯ ಅಗಲವೇ ಬೇರೆ. ಟ್ರಂಕು ಹೊತ್ತು ಬ್ರಾಡ್ ಗೇಜ್ ಗಾಡಿ ಹಿಡಿದು ಸೊಲ್ಲಾಪುರದ ಮೇಲೆ ಪುಣೆಗೆ. ಇಳಕಲ್, ಹುನಗುಂದದವರಿಗೆ ಆ ರೈಲೂ ಊರಲ್ಲಿ ಇರಲಿಲ್ಲ. ಅಲ್ಲಿ ಇಳಿದ ಮೇಲೆ ಊರ ಮಾತು ಮರಾಠಿ, ಪುಸ್ತಕ ಇಂಗ್ಲಿಷ್. ಕನ್ನಡ ಶಾಲೆಯಿಂದ ಬಂದ ಹುಡುಗ ಅಂಗರಚನಾಶಾಸ್ತ್ರ ಕಲಿಯೋದರ ಜೊತೆ ಎರಡು ಭಾಷೆನೂ ಕಲೀಬೇಕು.

ಇಳಕಲ್ಲಿನ ಕಥೆ ಇನ್ನೂ ಮಜಾ. ಊರು ದಾಟಿ ಕುಷ್ಟಗಿ ಕಡೆ ನಡೆದರೆ ನಿಜಾಮರ ಹೈದರಾಬಾದ್ ಸಂಸ್ಥಾನ. ಅಲ್ಲಿಯ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆ ಪಾಠ ಉರ್ದುವಿನಲ್ಲಿ. ಎರಡೂ ಕಡೆ ಮಾತು ಕನ್ನಡ, ಉಡೋದು ಅದೇ ಇಳಕಲ್ ಸೀರೆ, ಬರೋದು ಅದೇ ಮಲೇರಿಯಾ. ಡಾಕ್ಟರ್ ಯಾರು ಅನ್ನೋ ಕಾನೂನು ಮಾತ್ರ ಬೇರೆ ಬೇರೆ.

ಇನ್ನು ವೈದ್ಯರು, ಹಕೀಮರು? ಅವರಿಗೂ ಸರದಿ ಬಂತು. 1938ರಲ್ಲಿ ಮುಂಬೈ ಪ್ರಾಂತ್ಯ ಇನ್ನೊಂದು ಕಾಯ್ದೆ ಮಾಡಿ ಆಯುರ್ವೇದ, ಯುನಾನಿಯವರನ್ನೂ ರಿಜಿಸ್ಟರಿಗೆ ತಂತು. ಅಪ್ಪನಿಂದ ಮಗ ಕಲಿತ ವಿದ್ಯೆಗೆ ಮೊದಲ ಸಲ ಸರ್ಕಾರಿ ನಂಬರು.

ಈಗ ನನಗೆ ಸಿಟ್ಟು ಬರೋ ಭಾಗ. 1930ರಲ್ಲಿ ಲಂಡನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ಡಿಗ್ರಿಗಳಿಗೆ ಕೊಟ್ಟಿದ್ದ ಮಾನ್ಯತೆ ನಿಲ್ಲಿಸಿತು. ನಿಮ್ಮಲ್ಲಿ ಹೆರಿಗೆ ತರಬೇತಿ ಸರಿ ಇಲ್ಲ ಅಂತ ಅದರ ಹಳೇ ತಕರಾರು. ಮುಂಬೈನ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನವರು ಕೂಡ ಅಲ್ಲಿ ಒಂದೇ ದಿನದಲ್ಲಿ 'ಫಾರಿನ್' ಆದರು. ಅವಮಾನ ಆಯ್ತಲ್ಲ, ನಾವೇ ಒಂದು ಕೌನ್ಸಿಲ್ ಮಾಡ್ಕೊಳ್ಳೋಣ ಅಂತ 1933ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆ ಬಂತು. ಸರಿ. ಆದರೆ ಆ ಕಾಯ್ದೆ ಲೈಸೆನ್ಶಿಯೇಟ್‌ಗಳನ್ನು ಹೊರಗಿಟ್ಟಿತು! ಲಂಡನ್ ನಮಗೆ ಮಾಡಿದ್ದನ್ನೇ ನಾವು ನಮ್ಮವರಿಗೆ ಮಾಡಿದೆವು.

ಹೊರಗೆ ಉಳಿದವರು ಎಷ್ಟು ಜನ? 1946ರ ಭೋರ್ ಸಮಿತಿ ವರದಿಯಲ್ಲಿ ಲೆಕ್ಕ ಇದೆ. ದೇಶದಲ್ಲಿ ರಿಜಿಸ್ಟರ್ ಆದ ಡಾಕ್ಟರುಗಳು 47,524. ಅದರಲ್ಲಿ ಲೈಸೆನ್ಶಿಯೇಟ್‌ಗಳು 29,870. ಅಂದ್ರೆ ನೂರಕ್ಕೆ 63. ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿಯ ದೊಡ್ಡ ಪಾಲನ್ನೇ ಫುಟ್‌ನೋಟಿಗೆ ತಳ್ಳಿದ ಹಾಗೆ. ಇನ್ಮೇಲೆ ಇಂಥ ಕೋರ್ಸ್ ಬೇಡ, ಒಂದೇ ಡಿಗ್ರಿ ಸಾಕು ಅಂತ ಸಮಿತಿ ಹೇಳಿತು. ಕೆಲವು ಸದಸ್ಯರು ಒಪ್ಪಲಿಲ್ಲ, ಹಳ್ಳಿಗೆ ಡಾಕ್ಟರ್ ಎಲ್ಲಿಂದ ತರ್ತೀರಿ ಅನ್ನೋದು ಅವರ ಚಿಂತೆ. ನನ್ನ ಮಟ್ಟಿಗೆ ಆ ಪ್ರಶ್ನೆಗೆ ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ. ಅದೇ ವರ್ಷ ಪುಣೆಯ ಬಿ.ಜೆ. ಸ್ಕೂಲು ಕಾಲೇಜಾಯಿತು. ಹಳೇ ಲೈಸೆನ್ಶಿಯೇಟ್‌ಗಳಿಗೆ ರಾಷ್ಟ್ರೀಯ ರಿಜಿಸ್ಟರಿನ ಬಾಗಿಲು ತೆಗೆದದ್ದು 1956ರ ಹೊಸ ಕಾಯ್ದೆ. 23 ವರ್ಷ ಕಾದರು.

ಆ ವರ್ಷವೇ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಯ್ತು. 2002ರಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘದವರು ಇಲ್ಲೇ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು ತೆರೆದರು. ಟ್ರಂಕು ಹೊತ್ತು ಹೊಟಗಿಯಲ್ಲಿ ಇಳಿಯೋ ಕಾಲ ಮುಗೀತು, ಸೀಟು ಸಿಕ್ಕವರಿಗೆ. ತಮಾಷೆ ಅಂದ್ರೆ ಎಫ್‌ಎಂಜಿಇ ನಿಯಮ ಬಂದದ್ದೂ 2002ರಲ್ಲೇ. ಸೀಟು ಸಿಗದವರು, ಸಿಕ್ಕರೂ ಫೀಸು ಆಗದವರು ರಷ್ಯಾ, ಚೀನಾ, ಉಕ್ರೇನ್ ಕಡೆ ಹೊರಟರು. ಅವರು ಬರುವಾಗ ಬಾಗಿಲಲ್ಲಿ ಈ ಪರೀಕ್ಷೆ.

2022ರ ಮಾರ್ಚ್ 1 ಎಲ್ಲರಿಗೂ ನೆನಪಿದೆ. ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ತೀರಿಕೊಂಡ. ಅವನ ದೇಹವನ್ನು ಮನೆಯವರು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಉಳಿದವರು ಅರ್ಧ ಓದು ಹೊತ್ತು ವಾಪಸ್ ಬಂದರು. ಕೊನೇ ವರ್ಷದಲ್ಲಿದ್ದು ಡಿಗ್ರಿ ಮುಗಿಸಿದವರಿಗೆ ಎಫ್‌ಎಂಜಿಇ ಬರೆಯೋಕೆ ಅವಕಾಶ ಕೊಟ್ಟರು, ಆದರೆ ಒಂದರ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಅಂದರು.

ತಯಾರಿ ಹೇಗೆ ಅಂತ ಹುನಗುಂದ ಕಡೆಯ ಪರಿಚಯದ ಹುಡುಗನನ್ನ ಕೇಳಿದೆ. ಒಟ್ಟು 19 ಸಬ್ಜೆಕ್ಟು. ಫೋನಲ್ಲಿ ಆ್ಯಪ್, ಒಂದೂವರೆ ಸ್ಪೀಡಲ್ಲಿ ವಿಡಿಯೋ, ದಿನಕ್ಕೆ ಇಷ್ಟು ಪ್ರಶ್ನೆ. ಕಷ್ಟ ಓದೋದಲ್ಲ ಅಂದ. "ಊರಾಗ ಎಲ್ಲರೂ ಡಾಕ್ಟರ್ ಅಂತಾರ, ಬಿಪಿ ನೋಡು ಅಂತ ಕೈ ಚಾಚ್ತಾರ. ನಾ ಮುಟ್ಟಂಗಿಲ್ಲ." ಪರೀಕ್ಷೆ ಇರಬೇಕು ಅಂತ ಅವನೂ ಒಪ್ತಾನೆ, ನಾನೂ ಒಪ್ತೀನಿ. ನನ್ನ ಅಮ್ಮನಿಗೆ ಇಂಜೆಕ್ಷನ್ ಕೊಡೋರು ಎಲ್ಲಿ ಓದಿದರೂ ಸರಿ, ಗೊತ್ತಿದ್ದು ಕೊಡಲಿ. ಆದರೆ ಅಂಥ ತೂಕ ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ಆಗಬೇಕಲ್ಲ?

ಆ ಒಂದೇ ತಕ್ಕಡಿಗೆ ಹೆಸರೂ ಇಟ್ಟಿದ್ದಾರೆ, ನೆಕ್ಸ್ಟ್. ಇಲ್ಲಿ ಓದಿದವರು, ಹೊರಗೆ ಓದಿದವರು ಎಲ್ಲರಿಗೂ ಒಂದೇ ಪರೀಕ್ಷೆ ಅಂತ 2019ರ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾಯ್ದೆಯಲ್ಲಿ ಬರೆದಿದೆ. ಬಾದಾಮಿ, ಇಳಕಲ್ಲಿನ ಆಯುರ್ವೇದ ಕಾಲೇಜುಗಳ ಮಕ್ಕಳಿಗೂ ಅಂಥದೇ ಎಕ್ಸಿಟ್ ಟೆಸ್ಟ್ 2020ರ ಕಾಯ್ದೆಯಲ್ಲಿದೆ. ನೆಕ್ಸ್ಟ್ ನಿಯಮಗಳು 2023ರ ಜೂನ್‌ನಲ್ಲಿ ಹೊರಬಂದವು. ಎಲ್ಲಾ ಕಾಲೇಜುಗಳಲ್ಲೂ ಗಲಾಟೆ, ನಮ್ಮ ಬ್ಯಾಚಿಗೆ ಬೇಡ ಅಂತ. ಜುಲೈನಲ್ಲಿ ಅದನ್ನು ಮುಂದೂಡಿದರು. ಹುನಗುಂದದ ಹುಡುಗ ಮಾತ್ರ ಎಫ್‌ಎಂಜಿಇಗೇ ಓದ್ತಿದ್ದಾನೆ, ಜೂನ್ ಇಲ್ಲ ಡಿಸೆಂಬರ್.