ದೇಹ, ಮನಸ್ಸು, ಆತ್ಮ: ನಮ್ಮ ಸ್ವಾಸ್ಥ್ಯವನ್ನು ನಾವೇ ನೋಡಿಕೊಳ್ಳುವ ಬಗೆ

ಸಣ್ಣ ಊರಿನ ಯಾವುದೇ ಕ್ಲಿನಿಕ್ಕಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ಕೆಲವು ಮಾತುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ: ಸುಸ್ತು, ಮೈಕೈ ನೋವು, ಗ್ಯಾಸ್ಟ್ರಿಕ್, ಎದೆ ಡವಡವ, ರಾತ್ರಿ ನಿದ್ದೆ ಬರಲ್ಲ. ಇವುಗಳಲ್ಲಿ ಕೆಲವಕ್ಕೆ ಕಾರಣ ರಕ್ತದಲ್ಲಿರುತ್ತದೆ, ಕೆಲವಕ್ಕೆ ಮನಸ್ಸಿನಲ್ಲಿ, ಇನ್ನು ಕೆಲವಕ್ಕೆ ಬದುಕಿನ ಮೇಲಿದ್ದ ಭರವಸೆಯೇ ಕುಸಿದದ್ದರಲ್ಲಿ. ಬಿ.ಪಿ., ಶುಗರ್ ನೋಡಿಸಲು ಹಿಂಜರಿಯದವರು ಮನಸ್ಸಿನ ತಪಾಸಣೆ ಎಂದರೆ ಮುದುಡಿಕೊಳ್ಳುತ್ತಾರೆ. ಆತ್ಮಕ್ಕಂತೂ ತಪಾಸಣೆ ಎಂಬುದೇ ಇಲ್ಲವೆಂಬ ಭಾವನೆ ಸಾಮಾನ್ಯ. ಆದರೆ ಮೂರನ್ನೂ ಪರಿಶೀಲಿಸುವ ಸರಳ ವಿಧಾನಗಳಿವೆ, ಮತ್ತು ಮೂರನ್ನೂ ಒಟ್ಟಿಗೆ ನೋಡಿದಾಗಲೇ ತೊಂದರೆಯ ಬೇರು ಕೈಗೆ ಸಿಗುತ್ತದೆ.

ಆರೋಗ್ಯದ ವ್ಯಾಪ್ತಿ

1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಕ್ಷೇಮ ಪೂರ್ಣವಾಗಿರುವ ಸ್ಥಿತಿ ಎಂದು ಹೇಳಿತು. ಆ ಪಟ್ಟಿಗೆ ‘ಆಧ್ಯಾತ್ಮಿಕ’ ಎಂಬುದನ್ನೂ ಸೇರಿಸಬೇಕೆಂದು 1998ರಲ್ಲಿ ಸಂಸ್ಥೆಯ ಕಾರ್ಯಕಾರಿ ಮಂಡಳಿ ಶಿಫಾರಸು ಮಾಡಿತು. ಮರುವರ್ಷದ ವಿಶ್ವ ಆರೋಗ್ಯ ಸಭೆ ಅದನ್ನು ಅಂಗೀಕರಿಸಲಿಲ್ಲ. ವ್ಯಾಖ್ಯೆ ಇಂದಿಗೂ ಹಳೆಯ ರೂಪದಲ್ಲೇ ಇದೆ. ನಮ್ಮ ಆಯುರ್ವೇದದಲ್ಲಿ ಈ ತೊಡಕು ಇರಲಿಲ್ಲ. ಸುಶ್ರುತ ಸಂಹಿತೆ ಆರೋಗ್ಯವಂತನ ಲಕ್ಷಣ ಹೇಳುವಾಗ ದೋಷ, ಅಗ್ನಿ, ಧಾತುಗಳ ಸಮತೋಲದ ಜೊತೆಗೇ ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸುತ್ತದೆ.

ದೇಹದ ಲೆಕ್ಕ

ಇದು ಮೂರರಲ್ಲಿ ಸುಲಭದ್ದು. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆ ಹಿಡಿದು ಬರುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವಾರದ ವ್ಯಾಯಾಮ, ಮನೆಯವರಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇದೆಯೇ ಎಂಬ ಪ್ರಶ್ನೆಗಳಿಗೆ ಅಂಕ ಹಾಕುತ್ತಾರೆ. ಒಟ್ಟು ಅಂಕ 4 ಮೀರಿದರೆ ತಪಾಸಣೆಗೆ ಅವರಿಗೆ ಮೊದಲ ಆದ್ಯತೆ. ಈ ಕಾಗದಕ್ಕೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲವೆಂಬುದು ನನ್ನ ಕೊರಗು. ಆಶಾ ಬಾಗಿಲಿಗೆ ಬಂದಾಗ ಐದು ನಿಮಿಷ ಕುಳಿತು ಸರಿಯಾಗಿ ಉತ್ತರಿಸಿದರೆ, ದುಡ್ಡು ಕೊಟ್ಟು ಮಾಡಿಸುವ ದೊಡ್ಡ ‘ಪ್ಯಾಕೇಜ್’ ತಪಾಸಣೆಗಿಂತ ಹೆಚ್ಚು ಉಪಯೋಗವಾಗುವ ಮನೆಗಳು ಬಹಳ ಇವೆ.

ಮನೆಯಲ್ಲೇ ಮಾಡಿಕೊಳ್ಳುವ ಅಳತೆಗಳೂ ಇವೆ. ಉಸಿರು ಸಹಜವಾಗಿ ಹೊರಬಿಟ್ಟಾಗ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವೆ ಟೇಪು ಸುತ್ತಬೇಕು. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ತಲುಪಿದರೆ ಎಚ್ಚರಿಕೆ ಬೇಕು. ತೂಕ ಹೆಚ್ಚಿಲ್ಲದಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರಿಕೊಳ್ಳುವುದು ನಮ್ಮವರ ದೇಹದ ಸ್ವಭಾವ. ಹಾಗಾಗಿ ತೂಕದ ಯಂತ್ರ ತೋರಿಸದ್ದನ್ನು ಟೇಪು ತೋರಿಸುತ್ತದೆ.

ಬಿ.ಪಿ. ನೋಡಿಕೊಳ್ಳುವಾಗ ಆಗುವ ತಪ್ಪು ಹೆಚ್ಚು. ಮೆಟ್ಟಿಲು ಹತ್ತಿ ಬಂದವರ, ಆಗಷ್ಟೇ ಕಾಫಿ ಕುಡಿದವರ, ಮಾತಾಡುತ್ತಲೇ ಇರುವವರ ಒತ್ತಡ ಏರಿಯೇ ಇರುತ್ತದೆ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತು, ತೋಳು ಹೃದಯದ ಮಟ್ಟದಲ್ಲಿರುವಂತೆ ಇಟ್ಟು ಎರಡು ಸಲ ನೋಡಬೇಕು. ಬೇರೆ ಬೇರೆ ದಿನಗಳಲ್ಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರವರೆಗಿದ್ದರೆ ಮಧುಮೇಹದ ಹೊಸ್ತಿಲು. 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ಅರವತ್ತು ದಾಟಿದವರಿಗೆ ಒಂದು ಕುರ್ಚಿ ಸಾಕು. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಲಾಗುತ್ತದೆ ಎಂದು ಎಣಿಸಬೇಕು. 60ರಿಂದ 64ರ ಗಂಡಸರಿಗೆ 14ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕುಗ್ಗಿದೆ, ಬೀಳುವ ಅಪಾಯವಿದೆ ಎಂದರ್ಥ. ಪಕ್ಕದಲ್ಲಿ ಯಾರಾದರೂ ನಿಂತಿರಲಿ.

ಮನಸ್ಸಿಗೆ ಐದು ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 1998ರಲ್ಲಿ ರೂಪುಗೊಂಡ ಐದು ಪ್ರಶ್ನೆಗಳ ಸೂಚ್ಯಂಕದಲ್ಲಿ ರೋಗದ ಹೆಸರೇ ಬರುವುದಿಲ್ಲ. ಹಿಂದಿನ ಎರಡು ವಾರಗಳಲ್ಲಿ ಮನಸ್ಸು ಉಲ್ಲಾಸದಿಂದಿತ್ತೇ, ನೆಮ್ಮದಿಯಿತ್ತೇ, ಮೈಯಲ್ಲಿ ಚುರುಕಿತ್ತೇ, ಬೆಳಿಗ್ಗೆ ಏಳುವಾಗ ಹಗುರವೆನಿಸಿತ್ತೇ, ದಿನದ ಕೆಲಸಗಳಲ್ಲಿ ಆಸಕ್ತಿಯಿತ್ತೇ ಎಂದಷ್ಟೇ ಅದು ಕೇಳುತ್ತದೆ. ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಅಂಕ. ಒಟ್ಟನ್ನು 4ರಿಂದ ಗುಣಿಸಿದರೆ ನೂರಕ್ಕೆ ಲೆಕ್ಕ ಸಿಗುತ್ತದೆ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಖಿನ್ನತೆಗಾಗಿ ಮುಂದಿನ ತಪಾಸಣೆ ಮಾಡಿಸುವುದು ಒಳ್ಳೆಯದು.

ಆ ಮುಂದಿನ ಹೆಜ್ಜೆಗೆ ಹೆಚ್ಚು ಬಳಕೆಯಲ್ಲಿರುವುದು ಪಿ.ಎಚ್.ಕ್ಯೂ.-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ. ಕನ್ನಡದಲ್ಲೂ ಇದೆ. ಒಟ್ಟು 27 ಅಂಕ. 10 ಮುಟ್ಟಿದರೆ ವೈದ್ಯರನ್ನು ಕಾಣಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅದಕ್ಕೆ ‘ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ಎಷ್ಟೆಂದು ನೋಡುತ್ತ ಕೂರಬಾರದು. ಈ ಪಟ್ಟಿಗಳು ಜರಡಿಗಳಷ್ಟೇ; ರೋಗವನ್ನು ನಿರ್ಣಯಿಸುವವರು ವೈದ್ಯರು.

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಸುಮಾರು ಹತ್ತು ವಯಸ್ಕರಲ್ಲಿ ಒಬ್ಬರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆಯೆಂದು ಕಂಡುಕೊಂಡಿತು. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಬೇರೆಯಾಗಿ, ಶೇಕಡಾ 70ರಿಂದ 92ರವರೆಗಿತ್ತು. ನೋಯುತ್ತಿರುವವರಲ್ಲಿ ಬಹುಪಾಲು ಜನ ಒಬ್ಬರೇ ಅನುಭವಿಸುತ್ತಿದ್ದಾರೆ ಎನ್ನುವ ಈ ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ.

ಕೋಟ ಮತ್ತು ಬಳ್ಳಾರಿ

ಈ ಕೊರತೆಯ ಬಗ್ಗೆ ಕರ್ನಾಟಕದಲ್ಲಿ ಹಿಂದೆಯೇ ಕೆಲಸ ನಡೆದಿದೆ. ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಮೋರಿಸ್ ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಮಾನಸಿಕ ಸ್ಥಿತಿಯನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದಕ್ಕಾಗಿ ಭಾರತೀಯರಿಗೆ ಹೊಂದುವ ಸಂದರ್ಶನ ಪಟ್ಟಿಯನ್ನೂ ಸಿದ್ಧಪಡಿಸಿದರು. ಅಲ್ಲಿನ ಜನ ನೆಮ್ಮದಿ ಕೆಟ್ಟಾಗ ನಾಟಿ ವೈದ್ಯರು, ಮಂತ್ರವಾದಿಗಳು, ಪಾತ್ರಿಗಳ ಬಳಿಗೂ ಹೋಗುತ್ತಿದ್ದರು, ಇಂಗ್ಲಿಷ್ ಔಷಧಿ ಕೊಡುವ ಡಾಕ್ಟರ ಬಳಿಗೂ ಹೋಗುತ್ತಿದ್ದರು. ಒಂದು ಇನ್ನೊಂದಕ್ಕೆ ಅಡ್ಡಿಯೆಂದು ಅವರಿಗೆ ಅನಿಸುತ್ತಿರಲಿಲ್ಲ.

1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ನೀಡಿತು. ಜ್ವರಕ್ಕೆ ಮಾತ್ರೆ ಕೊಡುವ ಕೇಂದ್ರದಲ್ಲೇ ಮನಸ್ಸಿಗೂ ಔಷಧಿ ಸಿಗಬಹುದೆಂದು ತೋರಿಸಿದ ಈ ‘ಬಳ್ಳಾರಿ ಮಾದರಿ’ಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಆತ್ಮದ ತಪಾಸಣೆ

ವ್ಯಾಖ್ಯೆಯಲ್ಲಿ ಜಾಗ ಸಿಗದಿದ್ದರೂ, ಬದುಕಿನ ಗುಣಮಟ್ಟ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಕೆಲಸದಲ್ಲಿ ಆಧ್ಯಾತ್ಮಿಕತೆಗೆ ಪ್ರತ್ಯೇಕ ಪ್ರಶ್ನಾವಳಿಯೇ ಇದೆ. ಅದರಲ್ಲಿ 32 ಪ್ರಶ್ನೆಗಳು, ಎಂಟು ಮುಖಗಳು: ತನಗಿಂತ ದೊಡ್ಡದಾದ ಶಕ್ತಿಯೊಂದಿಗಿನ ನಂಟು, ಬದುಕಿನ ಅರ್ಥ, ಬೆರಗು, ಒಳಗೊಂದು ಹೊರಗೊಂದು ಇಲ್ಲದ ಸಮಗ್ರತೆ, ಕಷ್ಟದಲ್ಲಿ ಒದಗುವ ಒಳಬಲ, ಶಾಂತಿ, ಭರವಸೆ ಮತ್ತು ಶ್ರದ್ಧೆ. ದೇವರನ್ನು ನಂಬದವರೂ ಇವುಗಳಲ್ಲಿ ಬಹುಪಾಲಿಗೆ ಉತ್ತರಿಸಬಲ್ಲರು. ಬೆರಗಿಗೂ ಭರವಸೆಗೂ ಮತದ ಗುರುತು ಬೇಕಿಲ್ಲ.

ಪ್ರಶ್ನಾವಳಿಗಳಿಗಿಂತ ಹಳೆಯದಾದ ಅಭ್ಯಾಸವೊಂದು ಧರ್ಮಗಳಲ್ಲೇ ಇದೆ. ಜೈನರ ಆರು ಆವಶ್ಯಕಗಳಲ್ಲಿ ಪ್ರತಿಕ್ರಮಣ ಒಂದು: ಆಡಿದ ಮಾತು, ಮಾಡಿದ ಕೆಲಸ, ಬಂದ ಯೋಚನೆಗಳಲ್ಲಿ ಎಲ್ಲಿ ಯಾರಿಗೆ ನೋವಾಯಿತು ಎಂದು ಹಿಂತಿರುಗಿ ನೋಡಿ ಕ್ಷಮೆ ಬೇಡುವ ವಿಧಿ. ಇಸ್ಲಾಮಿನಲ್ಲಿ ಮುಹಾಸಬ ಎಂಬ ಆತ್ಮವಿಮರ್ಶೆಯಿದೆ. 9ನೇ ಶತಮಾನದ ಬಾಗ್ದಾದಿನ ಸೂಫಿ ಅಲ್-ಮುಹಾಸಿಬಿಗೆ ಆ ಹೆಸರು ಬಂದದ್ದೇ ಅದರಿಂದ. 16ನೇ ಶತಮಾನದ ಇಗ್ನೇಷಿಯಸ್ ಲೊಯೊಲಾ ತನ್ನ ಜೆಸ್ವಿಟ್ ಸಂಗಡಿಗರಿಗೆ ಮಧ್ಯಾಹ್ನವೂ ಸಂಜೆಯೂ ಅಂತಃಸಾಕ್ಷಿಯ ಪರೀಕ್ಷೆ ಹೇಳಿಕೊಟ್ಟ. ಇವೆಲ್ಲವುಗಳಲ್ಲಿ ಸಮಾನವಾಗಿರುವುದು ನಿಯತವಾದ ಹೊತ್ತು ಮತ್ತು ಪ್ರಾಮಾಣಿಕತೆ. ಹತ್ತು ನಿಮಿಷದ ಇಂಥ ಅಭ್ಯಾಸ ಆಧ್ಯಾತ್ಮಿಕ ಸ್ಥಿತಿಯ ಬಗ್ಗೆ ಯಾವ ಅಂಕಕ್ಕಿಂತಲೂ ಹೆಚ್ಚು ಹೇಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶ್ರದ್ಧೆ ಯಾವಾಗಲೂ ಆಸರೆಯಾಗಿಯೇ ಇರುತ್ತದೆ ಎನ್ನಲಾಗದು. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸ್ಪತ್ರೆ ಸೇರಿದ್ದ ಹಿರಿಯ ರೋಗಿಗಳನ್ನು ಎರಡು ವರ್ಷ ಗಮನಿಸಲಾಯಿತು. ದೇವರು ತಮ್ಮನ್ನು ಕೈಬಿಟ್ಟಿದ್ದಾನೆ, ತಮ್ಮ ಮೇಲೆ ಅವನಿಗೆ ಪ್ರೀತಿಯಿಲ್ಲ ಎಂಬ ತೊಳಲಾಟದಲ್ಲಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ‘ಯಾವ ಜನ್ಮದ ಪಾಪವೋ’ ಎಂದು ಹಾಸಿಗೆ ಹಿಡಿದವರು ಕೊರಗುವಾಗ ಮನೆಯವರು ಅದನ್ನು ಬರೀ ಮಾತೆಂದು ತಳ್ಳಿಹಾಕಬಾರದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆರೈಕೆ ಮನೆ ತೆರೆದ ಸಿಸಿಲಿ ಸಾಂಡರ್ಸ್, ಸಾಯುತ್ತಿರುವವರ ನೋವಿನಲ್ಲಿ ದೇಹ, ಮನಸ್ಸು, ಸಂಸಾರ, ಆತ್ಮ ನಾಲ್ಕೂ ಹೆಣೆದುಕೊಂಡಿರುತ್ತವೆ ಎಂದು ಕಲಿಸಿದರು. ಬೆಂಗಳೂರಿನ ಕರುಣಾಶ್ರಯದಂಥ ಉಪಶಾಮಕ ಆರೈಕೆಯ ತಾಣಗಳು ಅದೇ ದಾರಿಯಲ್ಲಿ ನಡೆದಿವೆ.

ಒಂದರ ತೊಂದರೆ ಇನ್ನೊಂದರಲ್ಲಿ ಕಾಣುವುದು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇಕಡಾ 48 ಮಂದಿಗೆ ರಕ್ತಹೀನತೆ ಇದೆ. ಅದರ ಲಕ್ಷಣಗಳು ಸುಸ್ತು, ಸಿಡುಕು, ಯಾವುದೂ ಬೇಡವೆನ್ನುವ ಭಾವ. ಥೈರಾಯ್ಡ್ ಕುಗ್ಗಿದಾಗಲೂ, ಬಿ12 ಕೊರತೆಯಲ್ಲೂ ಹೀಗೇ. ಇಂಥವರಿಗೆ ‘ಧ್ಯಾನ ಮಾಡು, ಸರಿಹೋಗುತ್ತದೆ’ ಎಂದರೆ ಅನ್ಯಾಯ. ಮೊದಲು ಆಗಬೇಕಾದ್ದು ರಕ್ತಪರೀಕ್ಷೆ. ಇದರ ಮರುಮುಖವೂ ಇದೆ. ಎಲ್ಲ ಸ್ಕ್ಯಾನ್ ‘ನಾರ್ಮಲ್’ ಬಂದರೂ ಆಸ್ಪತ್ರೆ ಸುತ್ತುತ್ತಲೇ ಇರುವವರ ಎದೆನೋವಿನ ಹಿಂದೆ ಆತಂಕ ಇರಬಹುದು. ಆ ನೋವು ನಿಜವಾದದ್ದೇ. ಮಧುಮೇಹ ಇರುವವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು. ಖಿನ್ನರಾದವರು ಮಾತ್ರೆ, ಪಥ್ಯ, ನಡಿಗೆ ಮೂರನ್ನೂ ಬಿಡುತ್ತಾರೆ, ಸಕ್ಕರೆ ಮತ್ತೆ ಏರುತ್ತದೆ.

ಸುಧಾರಣೆಗೆ ದಾರಿ

ಮೂರಕ್ಕೂ ಒಟ್ಟಿಗೆ ಒಳ್ಳೆಯದು ಮಾಡುವುದು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮ ಹೇಳುತ್ತದೆ. ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಮಧ್ಯಮ ವೇಗದ ಗುರುತು ಅದು. ಉಪ್ಪು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಯದೂ ಅದರಲ್ಲೇ ಸೇರಬೇಕು.

ನಿದ್ದೆ ಬಾರದವರು ಮಲಗುವ ಹೊತ್ತಿನ ಬಗ್ಗೆ ಚಿಂತಿಸುವುದನ್ನು ಬಿಟ್ಟು ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಬೇಕು. ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದರೆ ಕೆಲವು ವಾರಗಳಲ್ಲಿ ರಾತ್ರಿಯೂ ಹತೋಟಿಗೆ ಬರತೊಡಗುತ್ತದೆ.

ಮನಸ್ಸು ಕುಗ್ಗಿದಾಗ ‘ಉತ್ಸಾಹ ಬಂದ ಮೇಲೆ ಮಾಡೋಣ’ ಎಂದು ಕಾಯುವುದು ಸಹಜ. ಆದರೆ ಕೆಲಸ ಮೊದಲು, ಉತ್ಸಾಹ ಆಮೇಲೆ ಎಂಬ ತತ್ವದ ಚಿಕಿತ್ಸೆಯೊಂದಿದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಸಂಸ್ಥೆ ತರಬೇತಾದ ಸಾಮಾನ್ಯ ಜನರ ಕೈಯಲ್ಲೇ, ತೀವ್ರ ಖಿನ್ನತೆಯವರಿಗೆ ಕೆಲವೇ ಭೇಟಿಗಳಲ್ಲಿ ಇದನ್ನು ಕೊಡಿಸಿ ಒಳ್ಳೆಯ ಫಲ ಕಂಡಿತು. 2017ರಲ್ಲಿ ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಂದೆ ಖುಷಿ ಕೊಡುತ್ತಿದ್ದ ಸಣ್ಣ ಕೆಲಸವೊಂದನ್ನು ಆರಿಸಿ, ದಿನ ಮತ್ತು ಹೊತ್ತು ಗೊತ್ತುಮಾಡಿ, ಮನಸ್ಸಿಲ್ಲದಿದ್ದರೂ ಮಾಡಬೇಕು. ತೋಟಕ್ಕೆ ನೀರು ಬಿಡುವುದೋ, ಅಕ್ಕನ ಮನೆಗೆ ಹೋಗಿ ಬರುವುದೋ ಆದರೂ ಸರಿ.

ಆತ್ಮದ ಪೋಷಣೆಗೆ ಒಂಟಿ ಸಾಧನೆಯಷ್ಟೇ ಕೂಟವೂ ಮುಖ್ಯ. ಶನಿವಾರದ ಭಜನೆ, ಶುಕ್ರವಾರದ ನಮಾಜು, ಭಾನುವಾರದ ಪೂಜೆಯಲ್ಲಿ ‘ಹೋದ ವಾರ ಯಾಕೆ ಬರಲಿಲ್ಲ?’ ಎಂದು ಕೇಳುವವರಿರುತ್ತಾರೆ. ಧ್ಯಾನ, ಪ್ರಾಣಾಯಾಮ ಬಹಳ ಜನರಿಗೆ ನೆಮ್ಮದಿ ಕೊಟ್ಟಿವೆ. ಆದರೂ ಹಿಂದೆ ತೀವ್ರ ಮಾನಸಿಕ ಕಾಯಿಲೆ ಆದವರು ದಿನಗಟ್ಟಲೆ ಮೌನದ ಶಿಬಿರಗಳಿಗೆ ಹೋಗುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು.

ಯಾವಾಗ ಕಾಯಬಾರದು

ಎದೆ ಹಿಂಡಿದಂತಾಗಿ ಬೆವರು ಕಿತ್ತರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಸಾಯಬೇಕೆಂಬ ಯೋಚನೆ ಬಂದರೆ, ಅಥವಾ ಮನೆಯವರಲ್ಲಿ ಯಾರಾದರೂ ಹಾಗೆ ಹೇಳಿದರೆ, ಅವರನ್ನು ಒಬ್ಬರೇ ಬಿಡಬಾರದು. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಅವರ ಕೈಗೆ ಸಿಗದಂತೆ ಇಡಬೇಕು. ‘ಸಾಯುವ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.