ಜಿಪ್ಸಿಯ ಹೊಟ್ಟೆಯೊಳಗಿನ ಹಲ್ಲುಗಳ ಲೆಕ್ಕ

ಹೋದ ದೀಪಾವಳಿಗೆ ಪುಣೆಯಿಂದ ಊರಿಗೆ ಹೋಗಿದ್ದೆ. ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟ ಇದೆ. ಶೆಡ್ಡಲ್ಲಿ ಅವರ ಹಳೇ ಜಿಪ್ಸಿ ಧೂಳು ಹಿಡಿದು ನಿಂತಿತ್ತು. "ಯಾಕ್ ಚಿಕ್ಕಪ್ಪ, ಓಡಿಸ್ತಿಲ್ವಾ?" ಅಂದೆ. "ಫೋರ್ ವೀಲ್ ಹಾಕಿದ್ರೆ ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ ಎಳೆಯುತ್ತೆ ಕಣೋ. ಗುಜರಿಯವನಿಗೆ ಹೇಳಿದ್ದೀನಿ, ಸೋಮವಾರ ಬರ್ತಾನೆ" ಅಂದ್ರು. ಎರಡು ವರ್ಷದ ಹಿಂದೆ ಹಿಂದಿನ ಆಕ್ಸಲ್ ಹೋಗಿತ್ತಂತೆ. ಒಂದು ಗ್ಯಾರೇಜಲ್ಲಿ "ಜಿಪ್ಸಿದೇ ಸಾರ್, ಕರೆಕ್ಟಾಗಿ ಕೂರುತ್ತೆ" ಅಂತ ಬೇರೆ ಗಾಡಿಯದು ಹಾಕಿಕೊಟ್ಟಿದ್ರು. ಕೂತಿದ್ದೇನೋ ನಿಜ. ತೊಂದರೆ ಶುರುವಾಗಿದ್ದೂ ಅಲ್ಲಿಂದಲೇ.

ಇದು ಅರ್ಥ ಆಗಬೇಕಾದ್ರೆ ಈ ಪುಟ್ಟ ಗಾಡಿಯ ವಂಶಾವಳಿ ನೋಡಬೇಕು. ಜಪಾನಿನ ಹೋಪ್ ಅನ್ನೋ ಸಣ್ಣ ಕಂಪನಿ 1967ರ ಸುಮಾರಿಗೆ ಮಿತ್ಸುಬಿಷಿ ಎಂಜಿನ್ ಕೂರಿಸಿ ಹೋಪ್‌ಸ್ಟಾರ್ ಓಎನ್360 ಅನ್ನೋ ಪುಟಾಣಿ ಜೀಪ್ ಮಾಡಿತ್ತು. ವ್ಯಾಪಾರ ಆಗಲಿಲ್ಲ. 1968ರಲ್ಲಿ ಸುಜುಕಿ ಅದರ ಹಕ್ಕು ಕೊಂಡುಕೊಂಡು, 1970ರಲ್ಲಿ 359 ಸಿಸಿ ಟೂ ಸ್ಟ್ರೋಕ್ ಎಂಜಿನ್ ಹಾಕಿ ಎಲ್‌ಜೆ10 ಅಂತ ಹೊರತಂದಿತು. ನಮ್ಮ ಈಗಿನ ಕೆಲವು ಬೈಕುಗಳಿಗಿಂತ ಚಿಕ್ಕ ಎಂಜಿನ್! ಆಮೇಲೆ ಎಲ್‌ಜೆ80, 1980ರ ದಶಕದ ಶುರುವಿನಲ್ಲಿ ಎಸ್‌ಜೆ410. ಅದರ ಉದ್ದ ಚಾಸಿಸ್ ರೂಪವೇ 1985ರ ಡಿಸೆಂಬರ್‌ನಲ್ಲಿ ನಮ್ಮಲ್ಲಿಗೆ ಬಂದ ಮಾರುತಿ ಜಿಪ್ಸಿ, 970 ಸಿಸಿಯದು. ಅಮೆರಿಕದಲ್ಲಿ ಅದೇ ಸಮಯಕ್ಕೆ 1.3 ಲೀಟರ್ ಎಂಜಿನ್ನಿನ ಅಣ್ಣ ಸಮುರಾಯ್ ಅನ್ನೋ ಹೆಸರಲ್ಲಿ ಇಳಿದ.

ಈ ಮನೆತನದ ಗುಣ ಏನಪ್ಪಾ ಅಂದ್ರೆ, ಎಲ್ಲಾ ಬಿಡಿಬಿಡಿ. ಗೇರ್‌ಬಾಕ್ಸ್ ಬೇರೆ, ಟ್ರಾನ್ಸ್‌ಫರ್ ಕೇಸ್ ಬೇರೆ, ನಡುವೆ ಒಂದು ಗಿಡ್ಡ ಶಾಫ್ಟ್. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಪ್ಲೇಟ್ ಸ್ಪ್ರಿಂಗ್ ಮೇಲೆ ಯು-ಬೋಲ್ಟಿನಿಂದ ಬಿಗಿದಿರುತ್ತೆ. ಬೋಲ್ಟು, ಬ್ರೇಕ್ ಪೈಪು, ಹ್ಯಾಂಡ್‌ಬ್ರೇಕ್ ಕೇಬಲ್, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ್ರೆ ಹಿಂದಿನ ಆಕ್ಸಲ್ ಇಡಿಯಾಗಿ ಕೈಗೆ ಬರುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಮಾಡ್ಯೂಲರ್ ಆರ್ಕಿಟೆಕ್ಚರ್. ಅದಕ್ಕೇ ನಲವತ್ತು ವರ್ಷದಿಂದ ಜಗತ್ತಿನ ಎಲ್ಲಾ ಮೂಲೆಯಲ್ಲೂ ಜನ ಇದರ ಭಾಗ ಅದಕ್ಕೆ, ಅದರ ಭಾಗ ಇದಕ್ಕೆ ಹಾಕ್ತಾ ಬಂದಿದ್ದಾರೆ. ಆರಂಭದ ಎಸ್‌ಜೆ410ಗಳಲ್ಲಿ ಮುಂದೆಯೂ ಡ್ರಮ್ ಬ್ರೇಕೇ ಇತ್ತು. ಆಮೇಲಿನ ಗಾಡಿಯ ಡಿಸ್ಕ್ ಬ್ರೇಕಿನ ಆಕ್ಸಲ್ ಹಾಕೋದಕ್ಕೆ ಅದೊಂದು ಕಾರಣ. ಇನ್ನೊಂದು ಅಗಲ. ಜಿಪ್ಸಿ ಕಿರಿದಾಗಿತ್ತು, ಎಡಬಲ ಚಕ್ರಗಳ ನಡುವಿನ ಅಂತರ ಮುಂದೆ 1210 ಮಿಮೀ ಅಷ್ಟೇ. 1993ರಲ್ಲಿ ಮಾರುತಿ ಅದನ್ನ 90 ಮಿಮೀ ಹೆಚ್ಚಿಸಿ 'ವೈಡ್ ಟ್ರ್ಯಾಕ್' ತಂದಿತು. ತಿರುವಿನಲ್ಲಿ ಎಷ್ಟು ಸಮಾಧಾನ ಅನ್ನೋದು ಎರಡನ್ನೂ ಓಡಿಸಿದವರಿಗೇ ಗೊತ್ತು.

ಈಗ ಡಿಫರೆನ್ಶಿಯಲ್ಲಿಗೆ ಬರೋಣ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ, ಒಳಗಿನದು ಕಮ್ಮಿ ಸುತ್ತಬೇಕಲ್ಲ, ಅದಕ್ಕೆ 1828ರ ಹೊತ್ತಿಗೇ ಫ್ರಾನ್ಸಿನ ಒನೆಸಿಫೋರ್ ಪೆಕರ್ ತನ್ನ ಉಗಿಗಾಡಿಗೆ ಈ ಉಪಾಯ ಹೂಡಿದ್ದ. ಮೂಲತಃ ಗಡಿಯಾರದ ಕೆಲಸದವನು. ಅದೇ ಹೌಸಿಂಗ್ ಒಳಗೆ ಮೆಕ್ಯಾನಿಕ್‌ಗಳು ಕ್ರೌನ್-ಪಿನಿಯನ್ ಅನ್ನೋ ಜೋಡಿ ಇರುತ್ತೆ. ಎಸ್‌ಜೆ410ರಲ್ಲಿ ಕ್ರೌನಿಗೆ 37 ಹಲ್ಲು, ಪಿನಿಯನ್ನಿಗೆ 9. ಭಾಗಿಸಿದ್ರೆ 4.11. ಅಂದ್ರೆ ಶಾಫ್ಟ್ 4.11 ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ಬಡ ಎಂಜಿನ್ನಿಗೆ ಇಂಥ ಗೇರಿಂಗ್ ಬೇಕೇ ಬೇಕು. ಅಮೆರಿಕದ ಸಮುರಾಯ್‌ಗೆ ಶಕ್ತಿ ಜಾಸ್ತಿ ಇತ್ತು, ಹಾಗಾಗಿ 41ಕ್ಕೆ 11, ಅಂದ್ರೆ 3.73.

ಅಲ್ಲಿನವರು ಏನ್ಮಾಡಿದ್ರು ನೋಡಿ. ಸಮುರಾಯ್‌ನ ಮೂಲ ಟೈರ್ 205/70 ಆರ್15, ಲೆಕ್ಕ ಹಾಕಿದ್ರೆ ಎತ್ತರ ಸುಮಾರು 26.3 ಇಂಚು. ಬಂಡೆ ಹತ್ತೋಕೆ ದೊಡ್ಡ ಟೈರ್ ಹಾಕಿದ್ರೆ ಗಾಡಿ ಉಸಿರು ಕಟ್ಟಿದ ಹಾಗಾಗುತ್ತೆ. ಆಗ ಎಸ್‌ಜೆ410ರ 4.11 ಡಿಫರೆನ್ಶಿಯಲ್ ತಂದು ಮುಂದೆ ಹಿಂದೆ ಎರಡಕ್ಕೂ ಹಾಕ್ತಾರೆ. 4.11 ಭಾಗಿಸು 3.73, ಸುಮಾರು ನೂರಕ್ಕೆ 10 ವ್ಯತ್ಯಾಸ. ಹಾಗಾಗಿ 29 ಇಂಚಿನ ಟೈರಿನಲ್ಲೂ ಗಾಡಿ ಕಂಪನಿಯಿಂದ ಬಂದ ಹಾಗೇ ಎಳೆಯುತ್ತೆ. ನನಗಂತೂ ಈ ಲೆಕ್ಕ ತುಂಬಾ ಇಷ್ಟ.

ಗಮನಿಸಿ, 'ಎರಡಕ್ಕೂ' ಅಂದೆ. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ ಇಲ್ಲ. ಫೋರ್ ವೀಲ್ ಹಾಕಿದ ತಕ್ಷಣ ಎರಡೂ ಶಾಫ್ಟು ಒಂದೇ ವೇಗದಲ್ಲಿ ಸುತ್ತಲೇಬೇಕು. ಹಿಂದೆ ಒಂದು ಲೆಕ್ಕ, ಮುಂದೆ ಒಂದು ಲೆಕ್ಕ ಇದ್ರೆ ಒಂದು ಜೊತೆ ಚಕ್ರ ಇನ್ನೊಂದನ್ನ ದೂಡುತ್ತೆ. ಕೆಸರಲ್ಲಾದ್ರೆ ಜಾರಿ ಸರಿಹೋಗುತ್ತೆ. ಗಟ್ಟಿ ನೆಲದಲ್ಲಿ ಆ ತಿರುಚು ಎಲ್ಲಿ ಹೋಗ್ಬೇಕು? ಟೈರ್ ಸವೆಯುತ್ತೆ, ಜಾಯಿಂಟ್ ಮುರಿಯುತ್ತೆ, ಟ್ರಾನ್ಸ್‌ಫರ್ ಕೇಸ್ ಹೋಗುತ್ತೆ. ತೋಟದ ಇಳಿಜಾರಿನಲ್ಲಿ, ಹಿಂದೆ ಹಣ್ಣಿನ ಮೂಟೆ, ಮೂಟೆ ಮೇಲೆ ಆಳುಗಳು ಕೂತಿರುವಾಗ ಅದು ಮುರಿದ್ರೆ? ಚಿಕ್ಕಪ್ಪನಿಗೆ ಅದೇ ಭಯ.

ಭಾನುವಾರ ಬೆಳಗ್ಗೆ ನಾವಿಬ್ರೂ ಕೂತು ನೋಡಿದ್ವಿ. ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಹಾಕಿ ಎತ್ತಿದ್ವಿ. ಶಾಫ್ಟಿನ ಮೇಲೆ ಸುಣ್ಣದ ಗೆರೆ. ಎತ್ತಿದ ಚಕ್ರವನ್ನ ಸರಿಯಾಗಿ ಎರಡು ಸುತ್ತು ತಿರುಗಿಸಿದ್ರೆ (ಇನ್ನೊಂದು ನೆಲದ ಮೇಲಿರೋದ್ರಿಂದ ಎರಡು) ಶಾಫ್ಟ್ ಎಷ್ಟು ಸುತ್ತಿತೋ ಅದೇ ಅನುಪಾತ. ಹಿಂದೆ ನಾಲ್ಕಕ್ಕೆ ಸ್ವಲ್ಪ ಕಮ್ಮಿ ಬಂತು. ಮುಂದೆ ಹಬ್ ಲಾಕ್ ಮಾಡಿ ನೋಡಿದ್ರೆ ನಾಲ್ಕು ದಾಟಿತು. ಚಿಕ್ಕಪ್ಪ ಎರಡು ಸಲ ಎಣಿಸಿದ್ರು.

ಒಂದು ಮಾತು ಸೇರಿಸಲೇಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೆ. ಕಿರಿದಾದ ಜಿಪ್ಸಿಗೆ ಅಗಲದ ಆಕ್ಸಲ್ ಹಾಕಿ ಮುಂಬೈ-ಪುಣೆ ರಸ್ತೆಗೆ ಇಳಿಯೋ ಮುಂಚೆ ಆರ್‌ಟಿಓದಲ್ಲಿ ಕೇಳಿಕೊಳ್ಳಿ. ಗಾಡಿಗೆ ಕಂಪನಿ ಕೊಟ್ಟಿದ್ದ ಹಲ್ಲಿನ ಲೆಕ್ಕಕ್ಕೇ ವಾಪಸ್ ತರೋದು ರಿಪೇರಿ, ಅದು ಬೇರೆ.

ನಾವು ಮಾಡಿದ್ದೂ ಅದನ್ನೇ. ಮುಂದಿನದು ಮೂಲದ್ದೇ ಆಗಿತ್ತು. ಅದರಷ್ಟೇ ಹಲ್ಲಿನ ಡಿಫರೆನ್ಶಿಯಲ್ ಹುಡುಕೋಕೆ ಮೂರು ವಾರ ಹಿಡೀತು, ಕೊನೆಗೆ ಹಾಸನದಲ್ಲೇ ಸಿಕ್ತು. ಅಷ್ಟರಲ್ಲಿ ನಾನು ಪುಣೆಗೆ ವಾಪಸಾಗಿದ್ದೆ. ಒಂದು ಸಂಜೆ ಸ್ಟ್ಯಾಂಡ್-ಅಪ್ ಕಾಲ್ ನಡುವೆ ಚಿಕ್ಕಪ್ಪನ ವಿಡಿಯೋ ಬಂತು. ಕೆರೆ ಏರಿ ಪಕ್ಕದ ಏರು, ಫೋರ್ ವೀಲ್ ಲೋ, ಹಿಂದೆ ಎಂಟು ಮೂಟೆ. ಗುಜರಿಯವನು ಆ ಸೋಮವಾರ ಬಂದಿದ್ದನಂತೆ, ಕಾಫಿ ಕುಡಿದು ಹೋದನಂತೆ.